ಗೌರಕ್ಕ ತಿಕ್ಕಿದ ಬೆಳ್ಳಿ

ಸೂರ್ಯನನ್ನು ನೋಡುವುದಕ್ಕೂ ಒಂದು ಯಂತ್ರ ಬೇಕೇ ಎಂದು ಶಿರಸಿಯ ಆ ಓಣಿಯ ಜನ ಗೀತಾಳನ್ನು ಬಹಳ ದಿನ ಆಡಿಕೊಂಡರು. ಆಡಿಕೊಳ್ಳದೆ ಇನ್ನೇನು ಮಾಡಿಯಾರು? ಬೆಳಗಾದರೆ ಕರೆಯದೇ ಬರುವವನು, ಸಂಜೆಯಾದರೆ ಹೇಳದೇ ಹೋಗುವವನು. ಅವನ ಮುಖ ನೋಡಲಿಕ್ಕೆ ಜಂಪರ್ ಹೊಲಿಯುವ ಹೆಂಗಸೊಬ್ಬಳು ತಾರಸಿಯ ಮೇಲೆ ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡರೆ ಯಾರಿಗಾದರೂ ನಗು ಬರುತ್ತದೆ. ಗೀತಾ ಆ ನಗುವಿಗೆ ಸೊಪ್ಪು ಹಾಕಿದವಳಲ್ಲ. ನಕ್ಕವರನ್ನೇ ಮೇಲೆ ಕರೆದು, ಒಂದು ಕಣ್ಣು ಮುಚ್ಚಿಸಿ, ಇನ್ನೊಂದನ್ನು ದುರ್ಬೀನಿಗೆ ಹಚ್ಚಿಸಿ, ಅಲ್ಲಿ ಕಾಣುವ ಕರೀ ಚುಕ್ಕಿಗಳಲ್ಲಿ ದೊಡ್ಡದೊಂದು ನಮ್ಮ ಭೂಮಿಯನ್ನೇ ನುಂಗುವಷ್ಟಿದೆ ಎಂದು ಹೇಳಿ ಬಾಯಿ ಮುಚ್ಚಿಸಿ ಕಳಿಸುತ್ತಿದ್ದಳು.

ಹೀಗೆ ಓಣಿಗೆ ಓಣಿಯೇ ಬಂದು ನೋಡಿತು. ಗಂಡ ಪ್ರಮೋದ ನೋಡಿದ, ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಕೊಳ್ಳಲು ಬಂದವರಿಗೆಲ್ಲ ಅದನ್ನು ವರ್ಣಿಸಿಯೂ ವರ್ಣಿಸಿದ. ಎದುರು ಮನೆಯ ಬಿಸ್ಮಿಲ್ಲಾ ಬಿ ನೋಡಿದಳು, ಟೆಂಪೋ ಓಡಿಸುವ ಅವಳ ಗಂಡ ಅಬ್ದುಲ್ ರಜಾಕ್ ನೋಡಿದ. ನೋಡದೇ ಉಳಿದವರು ಒಬ್ಬರೇ, ಅದೂ ಅದೇ ಸೂರಿನ ಕೆಳಗೆ ಇದ್ದವರು. ಗೀತಾಳ ಅತ್ತೆ, ಗೌರಕ್ಕ.

ಗೌರಕ್ಕ ಬನವಾಸಿ ಕಡೆಯವರು. ಸೂರ್ಯಪ್ಪನಿಗೆ ಕೈ ಮುಗಿಯಬೇಕು, ದಿಟ್ಟಿಸಿ ನೋಡಬಾರದು ಎಂಬುದು ಅವರ ಲೆಕ್ಕ. ಜಗಳವಿಲ್ಲ, ಬೈಗುಳವಿಲ್ಲ, 'ನನಗ ಬ್ಯಾಡವಾ' ಅಂದರೆ ಮುಗಿಯಿತು. ಹಾಗೆ ನೋಡಿದರೆ ಆ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಒಂದು ಕೆಟ್ಟ ಮಾತೂ ಹೋಗಿ ಬಂದದ್ದಿಲ್ಲ. ಒಂದು ಒಳ್ಳೆಯ ಮಾತೂ ಇಲ್ಲ, ಅದೇ ಗೀತಾಳ ಸಂಕಟ. ಮದುವೆಯಾಗಿ ಬಂದಾಗಿನಿಂದ ಅತ್ತೆ ಅವಳು ಹೊಲಿದ ಜಂಪರನ್ನೇ ತೊಟ್ಟರು, ಅವಳು ಬಡಿದ ರೊಟ್ಟಿಯನ್ನೇ ಉಂಡರು. ಚೆಂದ ಐತಿ ಅಂತ ಒಂದು ದಿನ ಅನ್ನಬಾರದೇ? ಹೊಲಿಗೆಯಲ್ಲಿ ಬಾರದ ಆ ಮಾತು ದುರ್ಬೀನಿನಲ್ಲಾದರೂ ಬಂದೀತು ಎಂದು ಗೀತಾ ಆಸೆ ಕಟ್ಟಿಕೊಂಡಿದ್ದಳು. ಅತ್ತೆ ಒಮ್ಮೆ, ಒಂದೇ ಒಂದು ಸಲ, ಕಣ್ಣಿಟ್ಟು ನೋಡಬೇಕು. ಅದಕ್ಕೆ ಹೊತ್ತೂ ಬಹಳ ಉಳಿದಿರಲಿಲ್ಲ. ಗೌರಕ್ಕನಿಗೆ ಕಣ್ಣಿನ ಒತ್ತಡದ ಕಾಯಿಲೆ. ಎಡಗಣ್ಣು ಆಗಲೇ ಮಂಜು, ಬಲಗಣ್ಣಿಗೆ ದಿನಾ ಗೀತಾಳೇ ಔಷಧಿಯ ಹನಿ ಬಿಡುತ್ತಿದ್ದಳು. ಇದ್ದಷ್ಟು ದೃಷ್ಟಿ ಕಾಪಾಡಿಕೊಳ್ಳಬೇಕು, ಹೋದದ್ದು ತಿರುಗಿ ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು.

ಗೀತಾಳಿಗೆ ಈ ಹುಚ್ಚು ಹಿಡಿದದ್ದು ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರ್ ಗ್ರಹಣದಲ್ಲಿ. ಮೈದಾನವೊಂದರಲ್ಲಿ ಯಾರೋ ಹೊರಗಿನವರು ದುರ್ಬೀನು ತಂದು ನಿಲ್ಲಿಸಿದ್ದರು. ಕುಡುಗೋಲಿನಷ್ಟು ಉಳಿದ ಸೂರ್ಯನನ್ನು ನೋಡಿ ಬಂದವಳು ಮತ್ತೆ ಹೋಗಿ ಸಾಲಿನ ಬಾಲಕ್ಕೆ ನಿಂತಳು, ಮತ್ತೆ ನೋಡಿದಳು. ಮರುವರ್ಷ ತನ್ನದೇ ಒಂದು ತರಿಸಿಕೊಂಡಳು. ಅದರ ಜೊತೆಗೆ ಬಂದದ್ದು ಫಿಲ್ಟರ್. ಸೂರ್ಯನಿಗೆ ಹಿಡಿಯುವಾಗ ದುರ್ಬೀನಿನ ಮುಂದಿನ ಬಾಯಿಗೆ ಹಾಕುವ ಮುಚ್ಚಳ ಅದು. ದುಂಡು ಬಳೆಯೊಳಗೆ ಬಿಗಿದ ತೆಳು ಹಾಳೆ, ನೋಡಿದರೆ ಬೆಳ್ಳಿಯೇ ಅನ್ನಬೇಕು. ಬೆಳಕನ್ನೆಲ್ಲ ಹೊರಗೇ ತಡೆದು ಎಳ್ಳಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ಅದಿಲ್ಲದೆ ಕಣ್ಣಿಟ್ಟರೆ ಕಣ್ಣು ಹೋಯಿತೆಂದೇ ಲೆಕ್ಕ, ಕೂಗುವುದಕ್ಕೂ ಪುರಸೊತ್ತಿರುವುದಿಲ್ಲ. ಈ ವಿಷಯದಲ್ಲಿ ಗೀತಾ ಗಂಡನನ್ನೂ ನಂಬಿದವಳಲ್ಲ. ಪ್ರತಿ ಸಲವೂ ಹಾಳೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು, ಸೂಜಿಮೊನೆಯಷ್ಟು ಬೆಳಕೂ ತೂರಿ ಬರುತ್ತಿಲ್ಲವೆಂದು ತಾನೇ ನೋಡಿ, ಆಮೇಲೆ ಮುಚ್ಚಳ ಹಾಕಿ ಟೇಪು ಸುತ್ತುತ್ತಿದ್ದಳು. ಫಿಲ್ಟರಿಗೆಂದು ಲೈನಿಂಗ್ ಬಟ್ಟೆಯ ಚೀಲ ಹೊಲಿದಿದ್ದಳು. ಅದನ್ನು ಯಾರೂ ಮುಟ್ಟಕೂಡದು ಎಂದು ಮನೆಯಲ್ಲಿ ಹೇಳಿದ್ದಳೋ ಇಲ್ಲವೋ ಎಂಬುದು ಆಮೇಲೆ ಅವಳಿಗೇ ನೆನಪಾಗಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ನವರಾತ್ರಿಗೆ ಗೀತಾ ಯಲ್ಲಾಪುರದ ತವರಿನಲ್ಲಿದ್ದಳು, ತಂಗಿ ಜ್ಯೋತಿಯ ಬಾಣಂತನಕ್ಕೆ. ಮನೆಯ ಆಯುಧಪೂಜೆ ಗೌರಕ್ಕನ ಪಾಲಿಗೆ ಬಂತು. ಅವರ ಪೂಜೆ ಅರ್ಧಂಬರ್ಧದ್ದಲ್ಲ. ಕುಡುಗೋಲಿನಿಂದ ಮಿಕ್ಸಿಯವರೆಗೆ ಒಂದೊಂದನ್ನೂ ಒರೆಸಿ, ತೊಳೆಯುವುದನ್ನು ತೊಳೆದು, ತಿಕ್ಕುವುದನ್ನು ತಿಕ್ಕಿ, ಮೂರು ಬೆರಳಿನಿಂದ ವಿಭೂತಿ ಎಳೆದು, ಚೆಂಡು ಹೂವಿಟ್ಟು ಕೈ ಮುಗಿಯಬೇಕು. ಗೀತಾ ತಿರುಗಿ ಬಂದು ನೋಡುತ್ತಾಳೆ, ಕೋಣೆಯ ಮೂಲೆಯಲ್ಲಿ ದುರ್ಬೀನಿನ ಕೊಳವೆಯ ಮೇಲೆ ನೆಟ್ಟಗೆ ಮೂರು ಎಳೆ ವಿಭೂತಿ, ಬುಡದಲ್ಲಿ ಬಾಡಿದ ಚೆಂಡು ಹೂವು.

"ನಿನ್ನ ದುರ್ಬೀನಿಗೂ ಪೂಜಿ ಮಾಡೇನವಾ," ಎಂದರು ಗೌರಕ್ಕ, ಅಕ್ಕಿ ಆರಿಸುತ್ತಲೇ. "ಅದೂ ನಿನ್ನ ಆಯುಧನ ಅಲ್ಲೇನು? ಎಲ್ಲಾ ಚೊಕ್ಕ ಮಾಡಿ ಇಟ್ಟೇನಿ."

ಗೀತಾ ಒಳಗೆ ಹೋಗಿ ಹೊಲಿಗೆ ಮಷೀನಿನ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇಬ್ಬರಿಗೂ ಒಂದೇ ಕಾಲ ಬಂತಲ್ಲ ಎಂದು ಅವಳಿಗೆ ಹಿಗ್ಗು. ಆ ಹಿಗ್ಗಿನಲ್ಲಿ 'ಎಲ್ಲಾ ಚೊಕ್ಕ ಮಾಡಿ' ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಹೊರಗೆ ಮಳೆ ಬಿಟ್ಟಿರಲಿಲ್ಲ, ಒಳಗೆ ದೀಪಾವಳಿಯ ಹೊಲಿಗೆ ಗುಡ್ಡೆ ಬಿದ್ದಿತ್ತು. ಚೀಲ ಬಿಚ್ಚಿ ನೋಡುವ ಕಾರಣವೂ ಬರಲಿಲ್ಲ.

ದೀಪಾವಳಿಯ ಅಮಾವಾಸ್ಯೆಯ ದಿನವೇ ಗ್ರಹಣ. ಸಂಜೆ ಐದು ದಾಟಿದ ಮೇಲೆ ಹಿಡಿದು, ಹಿಡಿದದ್ದು ಹಿಡಿದಂತೆಯೇ ಸೂರ್ಯ ಮುಳುಗುತ್ತಾನೆ. ಹಬ್ಬದ ನಡುವೆ ಇದೇನು ಕಾಟ ಎಂದು ಓಣಿಯವರು ಗೊಣಗಿದರು, ಮಧ್ಯಾಹ್ನವೇ ಉಂಡು ಪಾತ್ರೆ ತೊಳೆದು ಕವುಚಿದರು. ಆದರೂ ಬರುವವರು ಬಂದರು. ಆಕಾಶ ತೊಳೆದಿಟ್ಟಷ್ಟು ತಿಳಿಯಾಗಿತ್ತು. ಬಿಸ್ಮಿಲ್ಲಾ ಬಿ, ಅಬ್ದುಲ್ ರಜಾಕ್, ಅಕ್ಕಪಕ್ಕದ ನಾಲ್ಕಾರು ಹೆಂಗಸರು ತಾರಸಿಯ ಮೇಲೆ ಸೇರಿದರು. ಪ್ರಮೋದನಿಗೆ ಅಂಗಡಿ ಬಿಟ್ಟು ಬರಲಾಗಿರಲಿಲ್ಲ.

ಗೀತಾ ದುರ್ಬೀನಿನ ಕಾಲು ಸರಿಮಾಡುತ್ತಿದ್ದಾಗ ಮೆಟ್ಟಿಲಿನಿಂದ ಏದುಸಿರು ಕೇಳಿತು. ನೋಡಿದರೆ ಗೌರಕ್ಕ. ಮೊಣಕಾಲು ನೋವೆಂದು ವರ್ಷವಾಯಿತು, ತಾರಸಿ ಹತ್ತಿದವರಲ್ಲ. ತಲೆಗೆ ನೀರು ಹಾಕಿಕೊಂಡು, ಮಡಿಕೆ ಮುರಿಯದ ತಿಳಿಹಳದಿ ಸೀರೆ ಉಟ್ಟು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಹಣೆಯ ಮೇಲೆ ವಿಭೂತಿ ಇನ್ನೂ ಹಸಿ ಇತ್ತು.

"ಇವತ್ತ ನಾನೂ ನೋಡಬೇಕಂತ ಮಾಡೇನವಾ," ಎಂದರು.

ಗೀತಾ ದುರ್ಬೀನನ್ನು ಅಲ್ಲಿಗೇ ಬಿಟ್ಟು ಓಡಿ ಬಂದಳು. ಮೊದಲು ನಿಮಗೇ ತೋರಿಸುತ್ತೇನೆ ಎಂದಳು, ಬಿಸ್ಮಿಲ್ಲಾ ಬಿಯ ಕಡೆ ನೋಡಿ ನಕ್ಕಳು, ಸ್ಟೂಲು ತಂದು ಹಾಕಿದಳು. ಆಮೇಲೆ ಚೀಲ ಬಿಚ್ಚಿ, ಎಂದಿನಂತೆ ಫಿಲ್ಟರಿನ ಹಿಂದೆ ಟಾರ್ಚ್ ಹಚ್ಚಿ ಹಿಡಿದಳು.

ಹಾಳೆಯ ತುಂಬ ಬೆಳಕು. ಒಂದು ತೂತಲ್ಲ, ಎರಡಲ್ಲ. ಗೀರು ಗೀರಾಗಿ, ಚುಕ್ಕಿ ಚುಕ್ಕಿಯಾಗಿ, ನಡುವೆ ಒಂದು ಕಡೆ ಬೆರಳಗಲ ಬೆಳ್ಳಿ ಬಣ್ಣವೇ ಎದ್ದು ಹೋಗಿ ಆಚೆ ಬದಿಯ ಕೈ ಕಾಣುತ್ತಿತ್ತು. ಅದನ್ನು ಹಾಕಿ ನೋಡಿದ ಕಣ್ಣು ಉಳಿಯುವಂತಿರಲಿಲ್ಲ. ಯಾರು ಮುಟ್ಟಿದ್ದು ಎಂದು ಗೀತಾ ಕೇಳಿದಳು. ಧ್ವನಿ ಏರಿದ್ದು ಅವಳಿಗೇ ಕೇಳಿಸಿತು.

"ನಾನ ತಿಕ್ಕೇನವಾ," ಎಂದರು ಗೌರಕ್ಕ. ಅವರ ಮುಖದಲ್ಲಿ ಅಂಜಿಕೆ ಇರಲಿಲ್ಲ, ಕೆಲಸ ಮಾಡಿ ಮುಗಿಸಿದವರ ಸಮಾಧಾನವಿತ್ತು. "ಮಳಿಗಾಲದಾಗ ಬೆಳ್ಳಿ ಕಪ್ಪ ಹಿಡದಿತ್ತು. ಕರಡಿಗಿ ತಿಕ್ಕೂ ವಿಭೂತಿಲೇ ತಿಕ್ಕೇನಿ."

ಕರಡಿಗೆ ಎಂದರೆ ಗೌರಕ್ಕ ಕೊರಳಲ್ಲಿ ಧರಿಸಿದ್ದ, ಇಷ್ಟಲಿಂಗವಿಡುವ ಬೆಳ್ಳಿಯ ಭರಣಿ. ಅದನ್ನು ಅವರು ವಿಭೂತಿಯ ಪುಡಿ ಹಚ್ಚಿ ತಿಕ್ಕಿ ಬೆಳಗುವುದನ್ನು ಗೀತಾ ನೋಡುತ್ತಲೇ ಬಂದಿದ್ದಳು. ಅದು ಎಂಥ ಮರ್ಯಾದೆ ಎಂಬುದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸುತ್ತ ಜನ ನಿಂತಿದ್ದರು, ಪಶ್ಚಿಮದಲ್ಲಿ ಸೂರ್ಯ ಇಳಿಯುತ್ತಿದ್ದ, ತಿಂಗಳುಗಟ್ಟಲೆ ಕಾದ ಹೊತ್ತು ಕೈಯಲ್ಲಿ ಜರಡಿಯಾಗಿತ್ತು. ನಾಲಗೆ ಜಾರಿತು.

"ಬೆಳ್ಳಿ ಯಾವುದು, ಪ್ಲಾಸ್ಟಿಕ್ ಯಾವುದು ತಿಳೀಲಾರದ ಕಣ್ಣಿಗೆ ಸೂರ್ಯನ್ನ ತೋರಿಸಿ ಏನ್ ಮಾಡೂದೈತ್ರಿ ಅತ್ತಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಬ್ದುಲ್ ರಜಾಕ್ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡತೊಡಗಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೌರಕ್ಕ, "ಖರೆ ಐತವಾ," ಎಂದು ಸ್ಟೂಲಿನಿಂದ ಎದ್ದು, ಬಂದ ಹಾಗೆಯೇ ಗೋಡೆ ಹಿಡಿದು ಇಳಿದು ಹೋದರು.

ರಜಾಕ್ ಪರಿಸ್ಥಿತಿ ತಿಳಿಮಾಡಲೆಂದು, ಗ್ಯಾರೇಜಿನಿಂದ ವೆಲ್ಡಿಂಗ್ ಗಾಜು ತರಲೇ ಎಂದ. ಎಂಥೆಂಥದೋ ಗಾಜು ಹಿಡಿದು ಕಣ್ಣು ಕಳಕೊಳ್ಳುವುದು ಬೇಡ ಎಂದು ಗೀತಾ ಗದರಿದಳು. ಕಣ್ಣಿನ ವಿಷಯದಲ್ಲಿ ಆ ಸಂಜೆ ಅವಳದ್ದು ಏನೂ ತಪ್ಪಿರಲಿಲ್ಲ, ನಾಲಗೆಯ ವಿಷಯದಲ್ಲಿ ಅಷ್ಟೇ. ಇವತ್ತು ಆಗುವುದಿಲ್ಲ, ಎಲ್ಲರೂ ಮನೆಗೆ ಹೋಗಿ ಎಂದಳು. ಎಲ್ಲರೂ ಹೋದರು. ಬಿಸ್ಮಿಲ್ಲಾ ಬಿ ಮಾತ್ರ ಮೆಟ್ಟಿಲ ಬಾಯಲ್ಲಿ ನಿಂತಳು.

"ಅವರು ಮುಂಜಾನಿಂದ ನೀರು ಸೈತ ಕುಡಿದಿಲ್ಲ, ಗೀತಾ. ಗ್ರಹಣ ನೋಡಿದ್ರ ಪಾಪ ಬರತೈತೇನ ಬಿಸ್ಮಿಲ್ಲಾ ಅಂತ ನನ್ನ ಕೇಳಿದ್ರು. ಸೊಸಿ ತೋರಸಾಕತ್ತಾಳ, ಪಾಪ ಹೆಂಗ ಬರತೈತ್ರಿ ಅಂದೆ ನಾನು."

ಅಷ್ಟು ಹೇಳಿ ಅವಳೂ ಇಳಿದಳು. ಗೀತಾ ದುರ್ಬೀನಿಗೆ ಮುಚ್ಚಳ ಬಡಿದು, ತಾರಸಿಯ ಕಟ್ಟೆಯ ಮೇಲೆ ಕೂತಳು. ತಪ್ಪು ಯಾರದ್ದು? ಕೇಳದೆ ಮುಟ್ಟಿದವರದ್ದು. ಹೌದು, ಮಾತು ಸ್ವಲ್ಪ ಹೆಚ್ಚಾಯಿತು. ಆದರೆ ನೋಡದೇ ಹಾಕಿದ್ದರೆ? ಇದ್ದೊಂದು ಕಣ್ಣೂ ಹೋಗುತ್ತಿರಲಿಲ್ಲವೇ? ಹೀಗೆ ತನ್ನ ಪರವಾಗಿ ತಾನೇ ವಕೀಲಿಕೆ ಮಾಡಿಕೊಂಡು, ಗಂಟಲು ಒಣಗಿ, ನೀರು ಕುಡಿಯಲು ಕೆಳಗಿಳಿದಳು.

ಅಡಿಗೆಮನೆಯ ಪಶ್ಚಿಮದ ಗೋಡೆಯಲ್ಲಿ ಒಂದು ಕಿಟಕಿ ಇದೆ. ಬೆಕ್ಕು ಬಾರದಿರಲಿ, ಹೊಗೆ ಹೋಗಲಿ ಎಂದು ಗೀತಾಳ ಮಾವ ಬದುಕಿದ್ದಾಗ ಅದಕ್ಕೊಂದು ತಗಡು ಬಡಿಸಿ, ಮೊಳೆಯಿಂದ ತೂತು ಹೊಡೆಸಿದ್ದರು. ಸಂಜೆ ಬಿಸಿಲು ಆ ತೂತುಗಳಿಂದ ಬಂದು ಎದುರು ಗೋಡೆಯ ಮೇಲೆ ದುಂಡಗೆ ರೂಪಾಯಿ ಬಿಲ್ಲೆಗಳಷ್ಟು ಬೀಳುವುದು ದಿನದ ಮಾತು, ಯಾರೂ ಗಮನಿಸುವುದಿಲ್ಲ. ಗೌರಕ್ಕ ಆ ಕಿಟಕಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು.

ಗೀತಾ ಬಾಗಿಲಲ್ಲೇ ನಿಂತಳು. ಅತ್ತೆಯ ಬೆನ್ನಿನ ಹಳದಿ ಸೀರೆಯ ಮೇಲೆ, ಅವರ ನೆರಳಿನ ಎರಡೂ ಬದಿಗೆ ಗೋಡೆಯ ಮೇಲೆ, ಹತ್ತಾರು ಪುಟ್ಟ ಸೂರ್ಯರು ಬಿದ್ದಿದ್ದರು. ಒಂದೊಂದರ ಅಂಚೂ ಒಂದೇ ಕಡೆ ಸವೆದಿತ್ತು, ಮಕ್ಕಳು ಕಚ್ಚಿಟ್ಟ ಹಪ್ಪಳದ ಹಾಗೆ. ತೂತುತಗಡು ಗ್ರಹಣವನ್ನು ಮನೆಯೊಳಗೆ ತಂದು ಗೋಡೆಗೆ ಹಚ್ಚಿತ್ತು. ಇದು ಗೀತಾಳಿಗೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. ಕಿರಿದಾದ ತೂತಿನಿಂದ ಬಂದ ಬಿಸಿಲು ಸೂರ್ಯನ ಚಿತ್ರವನ್ನೇ ಬರೆಯುತ್ತದೆ ಎಂದು ಎಷ್ಟು ಜನಕ್ಕೆ ಹೇಳಿರಲಿಲ್ಲ ಅವಳು? ಅಡಿಗೆಮನೆಯ ಜರಡಿಯೊಂದನ್ನು ತಾರಸಿಗೆ ಒಯ್ದಿದ್ದರೆ ಬಂದವರಿಗೆಲ್ಲ ತೋರಿಸಬಹುದಿತ್ತು. ಸಿಟ್ಟಿನಲ್ಲಿ ಅದೂ ಮರೆತಿತ್ತು.

ಈಗಲಾದರೂ ಏನಾಗಿತ್ತು? ಫಿಲ್ಟರ್ ಬೇಡ, ದುರ್ಬೀನು ಬೇಡ, ಕಣ್ಣಿಗೆ ಅಪಾಯವೂ ಇಲ್ಲ. ಅತ್ತೀ, ಕಣ್ಣು ತೆಗೀರಿ, ಎದುರಿಗೆ ನೋಡ್ರಿ. ಅಷ್ಟು ಅಂದರೆ ಸಾಕಿತ್ತು. ಮಾತು ಗಂಟಲ ತನಕ ಬಂತು. ಬಂದದ್ದು ಅಲ್ಲೇ ನಿಂತಿತು. ತಾನೇ ಯಾಕೆ ಮೊದಲು ಮಾತಾಡಬೇಕು? ಹಾಳು ಮಾಡಿದವರು ಅವರು, ಅವರೇ ಕರೆಯಲಿ ಎಂದು ಗೀತಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಇನ್ನೊಂದು ಗಳಿಗೆ ನೋಡೋಣ, ಇನ್ನೊಂದು ಗಳಿಗೆ. ಬಿಲ್ಲೆಗಳು ಗೋಡೆಯ ಮೇಲೆ ನಿಧಾನವಾಗಿ ಏರಿದವು, ಕೆಂಪಗಾದವು, ಕಚ್ಚಿದ ಜಾಗ ಇನ್ನಷ್ಟು ದೊಡ್ಡದಾಯಿತು. ಆಮೇಲೆ ಎದುರು ಮನೆಯ ಮಾಡಿನ ಹಿಂದೆ ಸೂರ್ಯ ಸರಿದ, ಗೋಡೆ ಬರೀ ಗೋಡೆಯಾಯಿತು. ಗೌರಕ್ಕ ಕಣ್ಣು ತೆರೆದು, ಲಿಂಗವನ್ನು ಕರಡಿಗೆಯಲ್ಲಿಟ್ಟುಕೊಂಡು, ಗ್ರಹಣ ಬಿಟ್ಟಿತೇನವಾ ಎಂದು ಕೇಳಿದರು. ಸೂರ್ಯ ಮುಳುಗಿದ ಎಂದಳು ಗೀತಾ.

ಮರುದಿನ ಪಾಡ್ಯ. ತಪ್ಪಾತ್ರಿ ಅತ್ತಿ ಎಂದು ಗೀತಾ ಕೈ ಹಿಡಿದಳು. ಇರಲಿ ಬಿಡವಾ, ನಾ ಕೇಳಿ ಮುಟ್ಟಬೇಕಿತ್ತು ಎಂದರು ಗೌರಕ್ಕ. ಮುನಿಸು ಇಟ್ಟುಕೊಂಡಿದ್ದರೆ ಎಷ್ಟೋ ವಾಸಿಯಿತ್ತು, ಕರಗಿಸಬಹುದಿತ್ತು. ಅವರು ಮುನಿಯಲೇ ಇಲ್ಲ. ಹೊಸ ಫಿಲ್ಟರ್ ಬಂತು, ಓಣಿ ಮತ್ತೆ ತಾರಸಿ ಹತ್ತಿತು. ಗೀತಾ ಕರೆದು ಕರೆದು ಸಾಕಾದಳು. ದುರ್ಬೀನನ್ನೇ ಕೆಳಗೆ ಅಂಗಳಕ್ಕೆ ತಂದು ನಿಲ್ಲಿಸಿದಳು. ಗೌರಕ್ಕ ಹೊಸ್ತಿಲಲ್ಲಿ ಕೂತು ನಕ್ಕರು.

"ಬೆಳ್ಳಿ ಯಾವುದು, ಪ್ಲಾಸ್ಟಿಕ್ ಯಾವುದು ತಿಳೀಲಾರದ ಕಣ್ಣಿಗೆ ಯಾಕವಾ ಅದೆಲ್ಲಾ? ಕಣ್ಣಿದ್ದವರು ನೋಡ್ರಿ."

ಚುಚ್ಚಲೆಂದು ಆಡಿದ ಮಾತಲ್ಲ ಅದು. ಸೊಸೆ ಕಂಡು ಹೇಳಿದ ನಿಜವೊಂದನ್ನು ಅವರು ಒಪ್ಪಿಕೊಂಡುಬಿಟ್ಟಿದ್ದರು. ಗೀತಾಳಿಗೆ ಅದನ್ನು ತಿರುಗಿ ಇಸಕೊಳ್ಳುವ ದಾರಿಯೇ ತಿಳಿಯಲಿಲ್ಲ. ಗೋಡೆಯ ಮೇಲಿನ ಸೂರ್ಯರ ವಿಷಯ ಹೇಳಿಬಿಡಬೇಕೆಂದು ಎಷ್ಟೋ ಸಲ ಅಡಿಗೆಮನೆಗೆ ಹೋಗಿ, ಉಪ್ಪೋ ಬೆಲ್ಲವೋ ತೆಗೆದುಕೊಂಡು ತಿರುಗಿ ಬಂದಳು. ಹನಿ ಬಿಡುವುದು ಒಂದು ದಿನವೂ ತಪ್ಪಲಿಲ್ಲ, ಆದರೂ ಬಲಗಣ್ಣು ಒಳಗೊಳಗೇ ಆರುತ್ತ ಬಂತು. ನರ ಒಣಗಿದೆ ಎಂದರು ಡಾಕ್ಟರು. ಮರುವರ್ಷದ ಕೊನೆಗೆ ಗೌರಕ್ಕನಿಗೆ ಉಳಿದದ್ದು ಬಾಗಿಲ ಕಡೆ ಬೆಳಕು, ಒಳಗಡೆ ಕತ್ತಲು, ಅಷ್ಟೇ.

ಎರಡು ಸಾವಿರದ ಇಪ್ಪತ್ತನಾಲ್ಕರ ಆಯುಧಪೂಜೆಗೆ ಗೀತಾ ತವರಿಗೆ ಹೋಗಲಿಲ್ಲ. ಸಾಮಾನೆಲ್ಲ ಒರೆಸಿ, ಜಮಖಾನದ ಮೇಲೆ ಸಾಲಾಗಿ ಇಟ್ಟಳು. ವಿಭೂತಿ ಹಚ್ಚುವುದು ಮಾತ್ರ ಅತ್ತೆಯೇ. ಗೌರಕ್ಕ ಕೂತಲ್ಲೇ ಸರಿಯುತ್ತ, ಕೈಯಿಂದ ಸವರಿ ಗುರುತು ಹಿಡಿದು, ಹೊಲಿಗೆ ಮಷೀನಿಗೆ ಎಳೆದರು, ಕತ್ತರಿಗೆ ಎಳೆದರು, ಕುಡುಗೋಲಿಗೆ ಎಳೆದರು. ಎಳೆಗಳು ಈಗಲೂ ನೆಟ್ಟಗಿದ್ದವು. ಮುಂದೆ ಕೈ ಚಾಚಿದಾಗ ದುರ್ಬೀನಿನ ಕಾಲು ಸಿಕ್ಕಿತು. ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆ ತೆಗೆದುಕೊಂಡರು.

ಗೀತಾ ಫಿಲ್ಟರನ್ನು ಚೀಲದಿಂದ ತೆಗೆದು ಅವರ ಮುಂದೆ ಹಿಡಿದಳು. ಇದಕ್ಕೂ ಹಚ್ಚರಿ ಅತ್ತಿ, ನೀವ ಹಚ್ಚಬೇಕು ಎಂದಳು.

"ಬ್ಯಾಡವಾ," ಎಂದರು ಗೌರಕ್ಕ. "ನನ್ನ ಕೈ ಹತ್ತಿದ್ರ ತೂತ ಬೀಳತಾವು."

ಗೌರಕ್ಕ ಬೆರಳಿನ ವಿಭೂತಿಯನ್ನು ಉಜ್ಜಿಕೊಳ್ಳುತ್ತ ಏನೋ ನೆನೆದು ಕೇಳಿದರು.

"ಆವತ್ತ ಗ್ರಹಣ ಹೆಂಗ ಕಂಡಿತ್ತು, ಗೀತವ್ವಾ? ನೀನರ ನೋಡಿದ್ಯೋ ಇಲ್ಲೋ?"

ಎರಡು ವರ್ಷದಿಂದ ಹೇಳಲು ಕಾದಿದ್ದ ಮಾತು. ಕೇಳಿದವರೂ ಅವರೇ. ನಿಮ್ಮ ಎದುರಿನ ಗೋಡೆಯ ಮೇಲೇ ಇತ್ತು, ನಿಮ್ಮ ಬೆನ್ನ ಮೇಲೂ ಇತ್ತು, ನೀವು ಕಣ್ಣು ತೆರೆದಿದ್ದರೆ ಸಾಕಿತ್ತು, ನಾನು ಹಿಂದೆ ನಿಂತು ನೋಡಿದೆ, ಕರೆಯಲಿಲ್ಲ. ಇದನ್ನು ಈಗ, ಆ ಕಣ್ಣಿಗೆ, ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ತನ್ನ ಎದೆ ಹಗುರಾದೀತು, ಅವರಿಗೆ ಸಿಗುವುದೇನು? ಹಾಗೆಂದು ಗೀತಾ ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಧೈರ್ಯ ಬರಲಿಲ್ಲ.

"ಇಲ್ರೀ ಅತ್ತಿ. ನಾನೂ ನೋಡಲಿಲ್ಲ."

"ಅಯ್ಯ ನನ್ನವ್ವಾ," ಎಂದರು ಗೌರಕ್ಕ. ಅವರ ಮುಖವೇ ಸಣ್ಣದಾಯಿತು. "ನನ್ನ ದೆಸಿಂದ ನಿನಗೂ ತಪ್ಪಿತಲ್ಲ. ಎಷ್ಟ ಆಸೆ ಇಟ್ಕೊಂಡಿದ್ದಿ."

ಅವರ ಕೈ ಗಾಳಿಯಲ್ಲಿ ತಡವರಿಸಿ ಗೀತಾಳ ಭುಜ ಹುಡುಕಿತು, ಕೆನ್ನೆ ಹುಡುಕಿತು, ಹಣೆ ಹುಡುಕಿತು. ಮೂರು ಬೆರಳಿನಿಂದ ಅಲ್ಲಿ ವಿಭೂತಿ ಎಳೆದರು. ಕೆನ್ನೆ ಒದ್ದೆಯಾದದ್ದು ಬೆರಳಿಗೆ ಹತ್ತಿರಬೇಕು, ಹೋಗಲಿ ಬಿಡವಾ, ಇನ್ನೊಂದು ಗ್ರಹಣ ಬರತೈತಿ, ಆಗ ನೋಡೀಯಂತ ಎಂದು ಬೆನ್ನು ಸವರಿದರು. ಆಮೇಲೆ ಮಿಕ್ಸಿ ಎಲ್ಲೈತಿ, ಇತ್ತಾಗ ಕೊಡು ಎಂದರು. ಗೀತಾ ಫಿಲ್ಟರನ್ನು ಚೀಲಕ್ಕೆ ಹಾಕಿ, ಮಿಕ್ಸಿಯನ್ನು ಎತ್ತಿ ಅವರ ಕೈಗೆ ಹತ್ತಿರ ಇಟ್ಟಳು.